ಪಿನ್ನು ಕಿತ್ತರೆ ತಪ್ಪೇನ್ರೀ?

ಕಂಪ್ಯೂಟರಿನ ಎಸ್‌ಎಂಪಿಎಸ್ ಕನೆಕ್ಟರಿನಿಂದ ನಾಲ್ಕು ಪಿನ್ನು ಕಿತ್ತು ಬೇರೆ ತೂತಿಗೆ ಹಾಕಿದೆ ಅಂತ ಯಾರಿಗಾದ್ರೂ ಹೇಳಿ ನೋಡಿ. ಗರ್ಭಗುಡಿಗೆ ಚಪ್ಪಲಿ ಹಾಕ್ಕೊಂಡು ಹೋದವರನ್ನು ನೋಡೋ ಹಾಗೆ ನೋಡ್ತಾರೆ. ಸರ್ವೀಸ್ ಸೆಂಟರಿನವನು "ಟ್ಯಾಂಪರ್ ಆಗಿದೆ ಸಾರ್" ಅಂತಾನೆ. ಆಫೀಸಿನ ಐಟಿ ಹುಡುಗ "ಅಯ್ಯೋ, ಬೆಂಕಿ ಹತ್ತಿಕೊಂಡ್ರೆ?" ಅಂತಾನೆ. ಇದೇ ಜನ ಎರಡು ವೈರನ್ನು ಬ್ಲೇಡಿನಲ್ಲಿ ಕೆರೆದು, ತಿರುಚಿ, ಮೇಲೆ ಕಪ್ಪು ಇನ್ಸುಲೇಶನ್ ಟೇಪ್ ಸುತ್ತಿದ್ರೆ "ಪರವಾಗಿಲ್ಲ, ಅಡ್ಜಸ್ಟ್ ಮಾಡಿದ್ದಾರೆ" ಅಂತ ಸುಮ್ಮನಾಗ್ತಾರೆ. ನನಗೆ ಈ ನ್ಯಾಯ ಅರ್ಥವಾಗಲ್ಲ. ತುಂಬಾ ದಿನದಿಂದ ಇದರ ಬಗ್ಗೆ ಬರೀಬೇಕು ಅಂದುಕೊಂಡಿದ್ದೆ, ಇವತ್ತು ಶನಿವಾರ, ಕರೆಂಟೂ ಇದೆ, ಬರೆದೇಬಿಡ್ತೀನಿ.

ಮೊದಲು ವಿಷಯ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಡೆಸ್ಕ್‌ಟಾಪ್ ಕಂಪ್ಯೂಟರಿನ ಹಿಂದೆ ಫ್ಯಾನ್ ಇರೋ ಒಂದು ತಗಡಿನ ಡಬ್ಬಿ ಇರುತ್ತಲ್ಲ, ಅದೇ ಎಸ್‌ಎಂಪಿಎಸ್. ಗೋಡೆಯ 230 ವೋಲ್ಟ್ ತಗೊಂಡು 12, 5, 3.3 ವೋಲ್ಟಾಗಿ ಇಳಿಸಿ ಕೊಡೋದು ಅದರ ಕೆಲಸ. ಅದರಿಂದ ಹೊರಬರೋ ವೈರುಗಳ ಗೊಂಚಲಿನ ತುದಿಯಲ್ಲಿ ಪ್ಲಾಸ್ಟಿಕ್ಕಿನ ಕನೆಕ್ಟರ್. ಮದರ್‌ಬೋರ್ಡಿಗೆ ಹೋಗೋದರಲ್ಲಿ 24 ತೂತು, ಎರಡು ಸಾಲು. ಈ ಎಟಿಎಕ್ಸ್ ಅನ್ನೋ ಪದ್ಧತಿಯನ್ನು ಇಂಟೆಲ್ 1995ರಲ್ಲಿ ತಂದಾಗ ಇದ್ದದ್ದು 20 ತೂತು, 2003ರಲ್ಲಿ ಅದು 24 ಆಯ್ತು. ಬಣ್ಣಕ್ಕೂ ಅರ್ಥ ಇದೆ: ಹಳದಿ 12 ವೋಲ್ಟ್, ಕೆಂಪು 5, ಕಿತ್ತಳೆ 3.3, ಕಪ್ಪು ಗ್ರೌಂಡ್. ನೇರಳೆ ಬಣ್ಣದ್ದು ಕಂಪ್ಯೂಟರ್ ಆಫ್ ಆಗಿದ್ದಾಗಲೂ ಎಚ್ಚರವಾಗಿರೋ 5 ವೋಲ್ಟ್. ಹಸಿರು ವೈರನ್ನು ಕಪ್ಪಿಗೆ ಮುಟ್ಟಿಸಿದರೆ ಎಸ್‌ಎಂಪಿಎಸ್ ಏಳುತ್ತೆ, ಬೂದು ಬಣ್ಣದ್ದು "ವೋಲ್ಟೇಜೆಲ್ಲ ಸರಿಯಾಗಿದೆ" ಅಂತ ಬೋರ್ಡಿಗೆ ಹೇಳುತ್ತೆ.

ಒಳಗೆ ಪಿನ್ನು ಕೂತಿರೋ ರೀತಿ ಇದೆಯಲ್ಲ, ಅದನ್ನು ನೋಡಿದರೆ ಖುಷಿಯಾಗುತ್ತೆ. ಪ್ರತಿ ವೈರಿನ ತುದಿಗೆ ತಗಡು ಮಡಿಚಿ ಮಾಡಿದ ಒಂದು ಸಣ್ಣ ಟರ್ಮಿನಲ್ ಕ್ರಿಂಪ್ ಆಗಿರುತ್ತೆ. ಅದರ ಎರಡೂ ಪಕ್ಕದಲ್ಲಿ, ಗಾಳದ ಕೊಕ್ಕೆಗೆ ಮುಳ್ಳು ಇರುತ್ತಲ್ಲ ಹಾಗೆ, ಹಿಂದಕ್ಕೆ ಚಾಚಿಕೊಂಡ ಎರಡು ಪುಟ್ಟ ರೆಕ್ಕೆ. ಹಿಂದಿನಿಂದ ತಳ್ಳಿದರೆ ರೆಕ್ಕೆ ಮುದುಡಿ ಒಳಗೆ ಹೋಗುತ್ತೆ, ಹೋದಮೇಲೆ ಬಿಚ್ಚಿಕೊಂಡು ಪ್ಲಾಸ್ಟಿಕ್ಕಿನ ಅಂಚಿಗೆ ಸಿಕ್ಕಿಹಾಕಿಕೊಳ್ಳುತ್ತೆ. ಎಳೆದರೆ ಬರಲ್ಲ. ತೆಗೀಬೇಕು ಅಂದರೆ ಮುಂದಿನ ಕಡೆಯಿಂದ, ಅಂದರೆ ಬೋರ್ಡಿಗೆ ಸೇರೋ ಕಡೆಯಿಂದ, ಎರಡೂ ಪಕ್ಕದ ಸಂದಿಗೆ ತೆಳ್ಳಗಿನ ಕಡ್ಡಿ ತೂರಿಸಿ ಎರಡೂ ರೆಕ್ಕೆಯನ್ನು ಒಟ್ಟಿಗೆ ಒತ್ತಬೇಕು. ಇದಕ್ಕೇ ಅಂತ ಎರಡು ಹಲ್ಲಿನ ಟೂಲ್ ಸಿಗುತ್ತೆ. ಸಿಗದಿದ್ದರೆ ದಪ್ಪ ಜಾತಿಯ ಎರಡು ಸ್ಟೇಪ್ಲರ್ ಪಿನ್ನು ನೆಟ್ಟಗೆ ಮಾಡಿಕೊಂಡರೂ ಆಗುತ್ತೆ. ಆಫೀಸಿನ ಸಣ್ಣ ಸ್ಟೇಪ್ಲರಿನದು ಬಾಗಿಹೋಗುತ್ತೆ, ಬೇಡ. ಗುಟ್ಟು ಏನಪ್ಪಾ ಅಂದ್ರೆ, ಮೊದಲು ವೈರನ್ನು ಹಿಂದಿನಿಂದ ಸ್ವಲ್ಪ ಒಳಕ್ಕೆ *ತಳ್ಳಬೇಕು*. ಆಗ ರೆಕ್ಕೆ ಅಂಚಿನಿಂದ ಬಿಟ್ಟುಕೊಳ್ಳುತ್ತೆ, ಕಡ್ಡಿ ಸಲೀಸಾಗಿ ಇಳಿಯುತ್ತೆ. ಆಮೇಲೆ ಎಳೆದರೆ ಬೆಣ್ಣೆಯಿಂದ ಕೂದಲು ಎಳೆದ ಹಾಗೆ ಬರುತ್ತೆ. ಮೊದಲೇ ಜೋರಾಗಿ ಎಳೆದುಕೊಂಡು ಕೂತರೆ ರೆಕ್ಕೆ ಇನ್ನೂ ಗಟ್ಟಿಯಾಗಿ ಕಚ್ಚಿಕೊಳ್ಳುತ್ತೆ, ಬೆರಳು ಕೆಂಪಾಗುತ್ತೆ ಅಷ್ಟೇ. ವಾಪಸ್ ಹಾಕೋ ಮೊದಲು ಮುದುಡಿದ ರೆಕ್ಕೆಯನ್ನು ಸೂಜಿ ಮೊನೆಯಲ್ಲಿ ಸ್ವಲ್ಪ ಅರಳಿಸಿ, ಹಾಕಿದಮೇಲೆ "ಟಿಕ್" ಅನ್ನೋದು ಕೇಳಿಸಬೇಕು.

ಹಳೇ ಹಾರ್ಡ್‌ಡಿಸ್ಕಿಗೆ ಹೋಗೋ ನಾಲ್ಕು ಪಿನ್ನಿನ ದೊಡ್ಡ ಕನೆಕ್ಟರ್ ಬೇರೆ ಜಾತಿ. ಅದರ ಪಿನ್ನು ದುಂಡಗೆ ಇರೋದರಿಂದ ಕಡ್ಡಿ ಸಾಲದು, ಕೊಳವೆ ಬೇಕು. ಹಳೇ ಟ್ರಾನ್ಸಿಸ್ಟರ್ ರೇಡಿಯೋ ಆಂಟೆನಾದ ತುಂಡು ಅದಕ್ಕೆ ಹೇಳಿ ಮಾಡಿಸಿದ ಹಾಗೆ ಇರುತ್ತೆ. ನಮ್ಮಜ್ಜನ ರೇಡಿಯೋ ಹಾಡೋದು ನಿಲ್ಲಿಸಿ ಹದಿನೈದು ವರ್ಷ ಆದಮೇಲೆ ಈ ರೀತಿ ಉಪಯೋಗಕ್ಕೆ ಬಂತು :-)

ಇಷ್ಟೆಲ್ಲ ಯಾಕೆ ಹೇಳಿದೆ ಅಂದ್ರೆ, ಈ ಪಿನ್ನನ್ನು ಮಾಡಿರೋದೇ ತೆಗೆಯೋದಕ್ಕೆ. ಒಂದೊಂದಾಗಿ ಹಾಕೋ ಹಾಗೆ, ಒಂದೊಂದಾಗಿ ತೆಗೆಯೋ ಹಾಗೆ ಮಾಡಿದ್ದಾರೆ. ಕನೆಕ್ಟರ್ ತಯಾರಿಸೋ ಮೋಲೆಕ್ಸ್ ಕಂಪನಿಯೇ ತೆಗೆಯೋ ಟೂಲ್ ಮಾರುತ್ತೆ. ಹಾಗಿದ್ದಮೇಲೆ ಅದು ಟ್ಯಾಂಪರಿಂಗ್ ಹೇಗಾಗುತ್ತೆ? ಕಾರಿನ ಸ್ಟೆಪ್ನಿ ಬದಲಾಯಿಸೋದು ಟ್ಯಾಂಪರಿಂಗಾ? ಇಂಡಸ್ಟ್ರಿಯೇ ಒಂದು ಪಿನ್ನು ಕಿತ್ತು ಬಿಸಾಕಿದೆ. ಮೊದಲು ಬಿಳಿ ವೈರಿನಲ್ಲಿ ಮೈನಸ್ 5 ವೋಲ್ಟ್ ಬರ್ತಿತ್ತು, ಹಳೇ ಐಎಸ್‌ಎ ಕಾರ್ಡುಗಳ ಕಾಲದ ಉಳಿಕೆ ಅದು. ಯಾರಿಗೂ ಬೇಡವಾದಮೇಲೆ ತೆಗೆದರು. ಈಗಿನ 24 ಪಿನ್ನಿನ ಕನೆಕ್ಟರ್ ತಿರುಗಿಸಿ ನೋಡಿ, 20ನೇ ತೂತು ಖಾಲಿ ಇರುತ್ತೆ. ಎಸ್.ಪಿ. ರೋಡಿನ ಅಂಗಡಿಯೊಂದರಲ್ಲಿ ಒಬ್ಬರು "ಒಂದು ಪಿನ್ನೇ ಇಲ್ಲ, ಡಿಫೆಕ್ಟಿವ್ ಪೀಸ್ ಕೊಟ್ಟಿದ್ದೀರಿ" ಅಂತ ಜಗಳ ಆಡ್ತಾ ಇದ್ದದ್ದು ನಾನೇ ನೋಡಿದ್ದೀನಿ. ಅಂಗಡಿಯವನಿಗೂ ಯಾಕೆ ಖಾಲಿ ಅಂತ ಗೊತ್ತಿರಲಿಲ್ಲ, ಪಾಪ.

ಸರಿ, ಪಿನ್ನು ಕೀಳೋ ಪ್ರಸಂಗ ಯಾಕೆ ಬರುತ್ತೆ? ನನ್ನ ಸಿಟ್ಟೆಲ್ಲ ಇರೋದು ಇಲ್ಲಿ.

ಕನೆಕ್ಟರಿನ ಆಕಾರ ಅನ್ನೋದು ಒಂದು ಮಾತು ಕೊಟ್ಟ ಹಾಗೆ. ಮನೆ ಗೋಡೆಯ 6 ಆಂಪ್ ಸಾಕೆಟ್ಟಿಗೆ ಗೀಸರಿನ 16 ಆಂಪ್ ಪ್ಲಗ್ಗು ಹೋಗಲ್ಲ. ಯಾರೂ ಮ್ಯಾನ್ಯುಯಲ್ ಓದಬೇಕಾಗಿಲ್ಲ, ಗೋಡೆಯೇ "ಬೇಡ" ಅನ್ನುತ್ತೆ. ಹೋದರೆ ಸರಿ, ಹೋಗದಿದ್ದರೆ ತಪ್ಪು. ಕಂಪ್ಯೂಟರಿನ ಒಳಗೂ ಒಳ್ಳೇ ಕಡೆ ಹಾಗೇ ಮಾಡಿದ್ದಾರೆ. ಪ್ರೊಸೆಸರಿಗೆ ಹೋಗೋ 8 ಪಿನ್ನಿನದೂ ಗ್ರಾಫಿಕ್ಸ್ ಕಾರ್ಡಿಗೆ ಹೋಗೋ 8 ಪಿನ್ನಿನದೂ ನೋಡಲು ಅವಳಿಜವಳಿ, ಆದರೆ ಒಂದರಲ್ಲಿ 12 ವೋಲ್ಟ್ ಇರೋ ಸಾಲಿನಲ್ಲಿ ಇನ್ನೊಂದರಲ್ಲಿ ಗ್ರೌಂಡ್! ಅದಕ್ಕೇ ತೂತುಗಳ ಆಕಾರ ಬೇರೆ ಮಾಡಿದ್ದಾರೆ, ಕೆಲವು ಚೌಕ, ಕೆಲವಕ್ಕೆ ಮೂಲೆ ಸವರಿದೆ. ಒಂದರದ್ದು ಇನ್ನೊಂದಕ್ಕೆ ಕೂರಲ್ಲ. ಇದಕ್ಕೆ ಕೀಯಿಂಗ್ ಅಂತಾರೆ. ಅಂದರೆ ತಪ್ಪಾಗದ ಹಾಗೆ ಮಾಡೋದು ಈ ಜನಕ್ಕೆ ಚೆನ್ನಾಗಿ ಗೊತ್ತಿದೆ.

ಗೊತ್ತಿದ್ದೂ ಕೆಲವರು ಮಾಡಲ್ಲ. ಹಳೇ ಉದಾಹರಣೆ ಡೆಲ್. 1998ರಿಂದ ಕೆಲವು ವರ್ಷ ತನ್ನ ಡೆಸ್ಕ್‌ಟಾಪುಗಳಲ್ಲಿ ಎಟಿಎಕ್ಸಿನ ಅದೇ 20 ಪಿನ್ನಿನ ಕನೆಕ್ಟರ್ ಇಟ್ಟುಕೊಂಡು ಒಳಗಿನ ವೈರಿನ ಜಾಗಗಳನ್ನು ಅದಲುಬದಲು ಮಾಡಿತು. 3.3 ವೋಲ್ಟನ್ನು ಅಲ್ಲಿಂದ ತೆಗೆದು ಪಕ್ಕದ ಇನ್ನೊಂದು ಕನೆಕ್ಟರಿಗೆ ಸಾಗಿಸಿತು. ಹೊರಗಿನಿಂದ ನೋಡಿದರೆ ಏನೂ ವ್ಯತ್ಯಾಸ ಇಲ್ಲ. ಎಸ್‌ಎಂಪಿಎಸ್ ಕೆಟ್ಟಾಗ ಅಂಗಡಿಯಿಂದ ಮಾಮೂಲಿ ಎಟಿಎಕ್ಸ್ ತಂದು ಹಾಕಿದವರದ್ದು ಬೋರ್ಡೋ, ಎಸ್‌ಎಂಪಿಎಸ್ಸೋ, ಎರಡೂನೋ ಹೋಗೋದು. ಆಮೇಲೆ ಡೆಲ್ ಆ ಅಭ್ಯಾಸ ಬಿಟ್ಟಿತು ಅನ್ನೋದು ಬೇರೆ ಮಾತು. ಕೋಡಿನ ಭಾಷೆಯಲ್ಲಿ ಹೇಳೋದಾದ್ರೆ, ಫಂಕ್ಷನ್ನಿನ ಹೆಸರು ಅದೇ ಇಟ್ಟು ಆರ್ಗ್ಯುಮೆಂಟುಗಳ ಕ್ರಮ ಮಾತ್ರ ಬದಲಾಯಿಸಿದ ಹಾಗೆ. ಕಂಪೈಲ್ ಆಗುತ್ತೆ. ಓಡಿಸಿದಾಗ ಸುಡುತ್ತೆ. ನಮ್ಮ ಟೀಮಿನಲ್ಲಿ ಯಾರಾದ್ರೂ ಹಾಗೆ ಮಾಡಿದ್ರೆ ರಿವ್ಯೂನಲ್ಲಿ ಉಗಿಸಿಕೊಳ್ತಾರೆ.

ಇವತ್ತಿನ ಉದಾಹರಣೆ ಮಾಡ್ಯುಲರ್ ಎಸ್‌ಎಂಪಿಎಸ್. ಇದರಲ್ಲಿ ಕೇಬಲ್ಲು ಡಬ್ಬಿಯಿಂದಲೂ ಬಿಚ್ಚಿಕೊಳ್ಳುತ್ತೆ, ಬೇಕಾದಷ್ಟೇ ಸಿಕ್ಕಿಸಿಕೊಳ್ಳಬಹುದು. ಒಳ್ಳೇ ಐಡಿಯಾ. ಆದರೆ ಮದರ್‌ಬೋರ್ಡ್ ಕಡೆಯ ತುದಿಗೆ ಮಾತ್ರ ಎಲ್ಲರೂ ಒಪ್ಪಿದ ಕ್ರಮ ಇದೆ. ಡಬ್ಬಿ ಕಡೆಯ ತುದಿಗೆ ಇಲ್ಲ. ಒಂದೊಂದು ಕಂಪನಿಯದು ಒಂದೊಂದು ಕ್ರಮ, ಕೆಲವೊಮ್ಮೆ ಒಂದೇ ಕಂಪನಿಯ ಎರಡು ಮಾಡೆಲ್ಲಿಗೂ ಬೇರೆ ಬೇರೆ. ಕನೆಕ್ಟರ್ ಮಾತ್ರ ಎಷ್ಟೋ ಸಲ ಅದೇ ಅಚ್ಚಿನದು! ಒಂದರ ಕೇಬಲ್ಲು ಇನ್ನೊಂದಕ್ಕೆ ಸೊಗಸಾಗಿ ಕೂರುತ್ತೆ, ಟಿಕ್ ಅಂತ ಸದ್ದೂ ಮಾಡುತ್ತೆ.

ನನ್ನ ಸಹೋದ್ಯೋಗಿಯೊಬ್ಬ ಮನೆ ಬದಲಾಯಿಸುವಾಗ ಕೇಬಲ್ ಚೀಲ ಕಳೆದುಕೊಂಡ. ತಮ್ಮನ ಹತ್ರ ಇದ್ದ ಬೇರೆ ಬ್ರ್ಯಾಂಡಿನ ಸಾಟಾ ಕೇಬಲ್ ಹಾಕಿದ. 5 ವೋಲ್ಟ್ ಬರಬೇಕಾದ ಕಡೆ 12 ಹೋಯ್ತು. ಎರಡು ಹಾರ್ಡ್‌ಡಿಸ್ಕ್, ಅರೆಕ್ಷಣ. ಅದರಲ್ಲಿ ಒಂದರಲ್ಲಿ ಅವನ ಅಪ್ಪನ ಕೊನೇ ವರ್ಷದ ಫೋಟೋ, ವಿಡಿಯೋ ಎಲ್ಲ ಇತ್ತು. ಎಸ್‌ಎಂಪಿಎಸ್ ಕಂಪನಿಗೆ ಬರೆದರೆ "ನಮ್ಮ ಕೇಬಲ್ ಅಲ್ಲದ್ದನ್ನು ಬಳಸಿದ್ದೀರಿ, ಮ್ಯಾನ್ಯುಯಲ್ಲಿನಲ್ಲಿ ಎಚ್ಚರಿಕೆ ಇದೆ" ಅಂತ ಉತ್ತರ. ಇತ್ತು ನಿಜ, ಹನ್ನೊಂದು ಭಾಷೆಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ. ಮ್ಯಾನ್ಯುಯಲ್ಲಿನಲ್ಲಿ ಎಚ್ಚರಿಕೆ ಅಚ್ಚು ಹಾಕೋಕೆ ಆಗುತ್ತೆ, ಕನೆಕ್ಟರಿನ ಒಂದು ಮೂಲೆ ಸವರೋಕೆ ಆಗಲ್ವಾ? "ಹೊಸ ಅಚ್ಚಿಗೆ ದುಡ್ಡು ಬೇಕಲ್ಲ" ಅಂತ ನೀವು ಕೇಳಬಹುದು. ಬೇಕು, ಒಪ್ಪಿದೆ. ಅದು ಬೇಡ ಅಂದರೆ ಎಲ್ಲರೂ ಕೂತು ಒಂದೇ ಕ್ರಮ ಒಪ್ಪಿಕೊಳ್ಳಿ, ಅದಕ್ಕೆ ಪೈಸೆ ಖರ್ಚಿಲ್ಲ. ಅದೂ ಬೇಡ ಅಂದರೆ ಡಬ್ಬಿಯ ಮೇಲೆ, ವ್ಯಾಟು ಆಂಪಿಯರು ಬರೆದಿರೋ ಸ್ಟಿಕರಿನ ಪಕ್ಕದಲ್ಲೇ, ಯಾವ ತೂತಿನಲ್ಲಿ ಏನು ಬರುತ್ತೆ ಅನ್ನೋ ಚಿತ್ರ ಹಾಕಿ. ಮೂರರಲ್ಲಿ ಒಂದಾದರೂ ಮಾಡಿ ಸ್ವಾಮಿ! ಒಂದೂ ಮಾಡದೆ, ಕೇಬಲ್ ಕಳೆದರೆ ನಮ್ಮ ಹತ್ರಾನೇ ಬರಬೇಕು ಅಂತ ಕೂತರೆ ಅದನ್ನು ಬೀಗ ಅಂತಾರೆ, ಡಿಸೈನ್ ಅನ್ನಲ್ಲ.

ಈಗ ಅದೇ ಕೇಬಲ್ಲನ್ನು, ಎರಡೂ ಎಸ್‌ಎಂಪಿಎಸ್ಸಿನ ಪಿನ್ ಪಟ್ಟಿ ಕೈಯಲ್ಲಿದ್ದರೆ, ಡಬ್ಬಿ ಕಡೆಯ ಐದಾರು ಪಿನ್ನು ಕಿತ್ತು ಸರಿಯಾದ ತೂತಿಗೆ ಹಾಕಿಕೊಳ್ಳೋದು ಹತ್ತು ನಿಮಿಷದ ಕೆಲಸ. ಸ್ಟೇಪ್ಲರ್ ಪಿನ್ನು ಸಾಕು. ಅಡ್ಡಿಯಾಗಿರೋದು ಪಟ್ಟಿ ಇಲ್ಲದಿರೋದು ಮಾತ್ರ.

ಇನ್ನೊಂದು ಕತೆ ಹೇಳಲೇಬೇಕು. ನಮ್ಮ ಸೋದರಮಾವ ಹಾಸನದ ಕಡೆ ಒಂದು ಸರಕಾರಿ ಪ್ರೌಢಶಾಲೆಯಲ್ಲಿ ಮೇಷ್ಟ್ರು. ಅವರ ಶಾಲೆಗೆ ಬೆಂಗಳೂರಿನ ಒಂದು ಕಂಪನಿಯವರು ತಾವು ಬಳಸಿ ಬಿಟ್ಟ ಹನ್ನೆರಡು ಡೆಸ್ಕ್‌ಟಾಪ್ ಕೊಟ್ಟಿದ್ರು. ಎಲ್ಲ ಒಂದೇ ಬ್ರ್ಯಾಂಡು, ಒಂದೇ ಮಾಡೆಲ್ಲು. ಹಳ್ಳಿ ಕರೆಂಟು ನಿಮಗೆ ಗೊತ್ತಲ್ಲ, ಒಂದು ಮಳೆಗಾಲ ಕಳೆಯೋದರಲ್ಲಿ ಐದರ ಎಸ್‌ಎಂಪಿಎಸ್ ಹೋಯ್ತು. ಹಾಸನದಲ್ಲಿ ಮಾಮೂಲಿ ಎಸ್‌ಎಂಪಿಎಸ್ ತಂದರೆ ಕನೆಕ್ಟರ್ ಕೂರಲ್ಲ, ಬೋರ್ಡಿನಲ್ಲಿ 24ರ ಬದಲು 14 ಪಿನ್ನು! ಸರ್ವೀಸಿನವರಿಗೆ ಫೋನ್ ಮಾಡಿದರೆ "ಆ ಪಾರ್ಟ್ ಈಗ ಬರಲ್ಲ, ಹೊಸ ಸಿಸ್ಟಮ್ ತಗೊಳ್ಳಿ." ಮಾವ ನನಗೆ ಫೋನ್ ಮಾಡಿ "ಅಲ್ಲ ಕಣೋ, ಬಲ್ಬು ಹೋಯ್ತು ಅಂದ್ರೆ ಮನೆ ಕಟ್ಟಿಸಿ ಅಂತಾನಲ್ಲೋ ಇವನು" ಅಂದ್ರು. ಏಳು ಕಂಪ್ಯೂಟರಿಗೆ ಎಂಟನೇ ಕ್ಲಾಸಿನ ನಲವತ್ತು ಮಕ್ಕಳು ಅಂದರೆ ಒಂದೊಂದರ ಮುಂದೆ ಆರು ಜನ. ಮೌಸ್ ಹಿಡಿಯೋನು ಒಬ್ಬ, ಐದು ಜನ ಅವನ ಹೆಗಲ ಮೇಲಿಂದ ಇಣುಕೋರು.

ದಸರಾ ರಜಕ್ಕೆ ಹೋದಾಗ ಮಲ್ಟಿಮೀಟರ್ ತಗೊಂಡು ಹೋದೆ. ಅದೇ ಮಾಡೆಲ್ಲಿನ ಏಳು ಮಿಷಿನ್ ಓಡ್ತಾ ಇದ್ದವಲ್ಲ, ಅದೇ ನಮ್ಮ ಪಠ್ಯಪುಸ್ತಕ. ಒಂದೊಂದೇ ತೂತಿನ ಹಿಂದೆ ಕಡ್ಡಿ ಇಟ್ಟು, ಆಫ್ ಇದ್ದಾಗ ಎಷ್ಟು, ಆನ್ ಆದಾಗ ಎಷ್ಟು ಅಂತ ಮಾವ ಹಾಳೆಯಲ್ಲಿ ಬರಕೊಂಡ್ರು. ಅಲ್ಲಿದ್ದದ್ದು 12 ವೋಲ್ಟ್, ಗ್ರೌಂಡ್, 5 ವೋಲ್ಟಿನ ಸ್ಟ್ಯಾಂಡ್‌ಬೈ, ಆನ್ ಮಾಡೋ ವೈರು, "ಸರಿಯಾಗಿದೆ" ಅನ್ನೋ ವೈರು, ಅಷ್ಟೇ. ಇವೆಲ್ಲ ಮಾಮೂಲಿ ಎಟಿಎಕ್ಸ್‌ನಲ್ಲೂ ಇವೆ, ಹೊಸದು ಒಂದೂ ಇಲ್ಲ! ಮಿಕ್ಕ 5 ಮತ್ತು 3.3 ವೋಲ್ಟನ್ನು ಬೋರ್ಡೇ ತಯಾರು ಮಾಡಿಕೊಳ್ಳುತ್ತೆ. ಪಿನ್ನಿನ ಜಾತಿಯೂ ಅದೇ. ಸತ್ತ ಎಸ್‌ಎಂಪಿಎಸ್ಸಿನ 14 ತೂತಿನ ಪ್ಲಾಸ್ಟಿಕ್ ಗೂಡು ಬಿಡಿಸಿ, ಹೊಸದರ 24ರಿಂದ ಬೇಕಾದ ಪಿನ್ನು ಕಿತ್ತು ಅದರಲ್ಲಿ ಕೂರಿಸಿದೆವು. ಉಳಿದ ಪಿನ್ನು ಒಂದಕ್ಕೊಂದು ತಾಗದ ಹಾಗೆ ಹೀಟ್ ಶ್ರಿಂಕ್ ಸ್ಲೀವ್ ಹಾಕಿ ಕಟ್ಟಿದೆವು. ಐದೂ ಎದ್ದವು. ಹೊಸ ಎಸ್‌ಎಂಪಿಎಸ್ಸಿನ ದುಡ್ಡು ಬಿಟ್ಟರೆ ಖರ್ಚು ಇಪ್ಪತ್ತು ರೂಪಾಯಿ ಸ್ಲೀವಿನದು. ಕಂಪನಿಯವರು ಅರ್ಧ ಪುಟದ ಒಂದು ಪಟ್ಟಿ ಕೊಟ್ಟಿದ್ದರೆ ಹಾಸನದ ಯಾವ ರಿಪೇರಿ ಹುಡುಗ ಬೇಕಾದರೂ ಜೂನ್‌ನಲ್ಲೇ ಮಾಡಿಕೊಡೋನು, ನಾನು ಅಕ್ಟೋಬರಿನಲ್ಲಿ ಹೋಗಬೇಕಾಗಿರಲಿಲ್ಲ. ಆ ಮಕ್ಕಳ ನಾಲ್ಕು ತಿಂಗಳಿಗೆ ಯಾರನ್ನು ಕೇಳೋಣ?

"ಅಪಾಯ" ಅನ್ನೋರ ಮಾತಿಗೆ ಬರ್ತೀನಿ. ಎಸ್‌ಎಂಪಿಎಸ್ ಡಬ್ಬಿಯ ಸ್ಕ್ರೂ ಬಿಚ್ಚೋದು ಅಪಾಯ. ನಿಜವಾಗಲೂ ಅಪಾಯ. 230 ವೋಲ್ಟ್ ಎಸಿ ಒಳಗೆ ರೆಕ್ಟಿಫೈ ಆಗಿ ಸುಮಾರು 325 ವೋಲ್ಟ್ ಡಿಸಿ ಆಗಿ ಕೆಪಾಸಿಟರಿನಲ್ಲಿ ಕೂತಿರುತ್ತೆ, ಪ್ಲಗ್ ತೆಗೆದಮೇಲೂ ಸ್ವಲ್ಪ ಹೊತ್ತು ಇರುತ್ತೆ. ಅದರ ಒಳಗೆ ಕೈ ಹಾಕಿ ಅಂತ ನಾನು ಯಾರಿಗೂ ಹೇಳಲ್ಲ, ನಾನೂ ಹಾಕಲ್ಲ. ಪಿನ್ನಿನ ಕೆಲಸ ನಡೆಯೋದು ಡಬ್ಬಿಯ ಹೊರಗೆ, ಇಳಿದ ವೋಲ್ಟೇಜಿನ ಕಡೆ, ಅದೂ ಪ್ಲಗ್ ತೆಗೆದಿಟ್ಟು. ಈ ಎರಡನ್ನೂ ಒಂದೇ ಬುಟ್ಟಿಗೆ ಹಾಕಿ ಹೆದರಿಸೋದು ಗೊತ್ತಿಲ್ಲದೆ ಆಡೋ ಮಾತು, ಇಲ್ಲಾ ಗೊತ್ತಿದ್ದೇ ಆಡೋ ಮಾತು. ಅಪಾಯ ಇರೋದು ವೈರ್ ಕತ್ತರಿಸಿ ತಿರುಚೋದರಲ್ಲಿ. ತಿರುಚಿದ ಜಾಗ ಸಡಿಲವಾಗುತ್ತೆ, ಸಡಿಲವಾದ ಜಾಗ ಬಿಸಿಯಾಗುತ್ತೆ, ಬೇಸಿಗೆಗೆ ಟೇಪಿನ ಗೋಂದು ಇಳಿಯುತ್ತೆ. ಇನ್ನೊಂದು ವಿಷಯ, 24 ಪಿನ್ನಿನ 13ನೇ ತೂತಿನಲ್ಲಿ ಎಷ್ಟೋ ಎಸ್‌ಎಂಪಿಎಸ್‌ಗಳಲ್ಲಿ ಕಿತ್ತಳೆ ವೈರಿನ ಜೊತೆ ತೆಳ್ಳಗಿನ ಇನ್ನೊಂದು ವೈರ್, ಸಾಮಾನ್ಯವಾಗಿ ಕಂದು, ಒಂದೇ ಟರ್ಮಿನಲ್ಲಿಗೆ ಸೇರಿರುತ್ತೆ. ಬೋರ್ಡಿಗೆ ತಲುಪೋ ಹೊತ್ತಿಗೆ 3.3 ವೋಲ್ಟ್ ಎಷ್ಟು ಉಳಿದಿದೆ ಅಂತ ಡಬ್ಬಿಗೆ ಸುದ್ದಿ ತಲುಪಿಸೋದು ಅದು. ಬ್ಲೇಡು ಹಿಡಿದವನು ಅದನ್ನೂ ಕತ್ತರಿಸಿ ಬಿಸಾಕ್ತಾನೆ. ಪಿನ್ನು ಕಿತ್ತವನ ಕೈಗೆ ಎರಡೂ ಒಟ್ಟಿಗೆ ಬರುತ್ತೆ, ಒಟ್ಟಿಗೇ ಇರುತ್ತೆ.

ಹಾಗಂತ ಪಿನ್ನು ಮುಟ್ಟೋರೆಲ್ಲ ಸಾಚಾ ಅಂತಲ್ಲ. ಗ್ರಾಫಿಕ್ಸ್ ಕಾರ್ಡಿನ 6 ಪಿನ್ನಿನ ಕನೆಕ್ಟರಿಗೆ 75 ವ್ಯಾಟ್, 8ರದ್ದಕ್ಕೆ 150 ವ್ಯಾಟ್ ಅಂತ ಲೆಕ್ಕ. ಹೆಚ್ಚಿನ ಎರಡು ಪಿನ್ನಿನಲ್ಲಿ ಬರೋದು ಗ್ರೌಂಡ್ ಅಷ್ಟೇ, ಅದರಲ್ಲಿ ಒಂದು ಕಾರ್ಡಿಗೆ "ಇದು 8ರ ಕೇಬಲ್ಲು, ಜಾಸ್ತಿ ಎಳಕೋ" ಅಂತ ಹೇಳೋದಕ್ಕೆ ಇರೋದು. ತೆಳ್ಳನೆ ವೈರಿನ ಅಗ್ಗದ ಎಸ್‌ಎಂಪಿಎಸ್ಸಿಗೆ ಎರಡು ಕಪ್ಪು ವೈರ್ ಸೇರಿಸಿ 6ನ್ನು 8 ಮಾಡೋರಿದ್ದಾರೆ. ಅದು ಕಾರ್ಡಿಗೆ ಸುಳ್ಳು ಹೇಳಿದ ಹಾಗೆ. ನಾನು ಅವರ ಪರ ಇಲ್ಲ. ವೈರು ಹೊರುತ್ತೋ ಇಲ್ಲವೋ ನೋಡದೆ ಪಿನ್ನು ಸೇರಿಸೋದಕ್ಕೂ, ಇರೋ ವೋಲ್ಟೇಜನ್ನು ಸರಿಯಾದ ತೂತಿಗೆ ಕೊಂಡೊಯ್ಯೋದಕ್ಕೂ ಅಜಗಜಾಂತರ.

ಹಾರ್ಡ್‌ಡಿಸ್ಕಿನ 3.3 ವೋಲ್ಟ್ ಪುರಾಣವೂ ಇದೇ ಸಾಲಿಗೆ ಸೇರುತ್ತೆ. 2016ರ ಸಾಟಾ 3.3 ನಿಯಮದಲ್ಲಿ, ಮೊದಲು 3.3 ವೋಲ್ಟ್ ಬರ್ತಿದ್ದ ಮೂರನೇ ಪಿನ್ನಿಗೆ "ಡಿಸ್ಕನ್ನು ಆಫ್ ಮಾಡು" ಅನ್ನೋ ಅರ್ಥ ಕೊಟ್ಟರು. ಹಳೇ ಎಸ್‌ಎಂಪಿಎಸ್ ಪಾಪ ತನ್ನ ಪಾಡಿಗೆ ಅಲ್ಲಿ 3.3 ಕೊಡುತ್ತೆ, ಈ ಸೌಲಭ್ಯ ಇರೋ ಡಿಸ್ಕು ಏಳೋದೇ ಇಲ್ಲ. ಜನ ಡಿಸ್ಕು ಸತ್ತಿದೆ ಅಂತ ವಾಪಸ್ ಕಳಿಸ್ತಾರೆ. ಕಿತ್ತಳೆ ವೈರ್ ಒಂದನ್ನು ಆ ಕನೆಕ್ಟರಿನಿಂದ ಬಿಡಿಸಿದರೆ ಮುಗೀತು. ಇಲ್ಲಿ ಹೆಚ್ಚಿನವಕ್ಕೆ ರೆಕ್ಕೆ ಪಿನ್ನು ಇರಲ್ಲ, ಹಿಂದಿನ ಮುಚ್ಚಳ ತೆಗೆದು ವೈರನ್ನೇ ಎತ್ತಬೇಕು.

2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ "ರೈಟ್ ಟು ರಿಪೇರ್" ಪೋರ್ಟಲ್ ಶುರು ಮಾಡಿತು. ಕೃಷಿ ಯಂತ್ರ, ಮೊಬೈಲು ಮತ್ತು ಎಲೆಕ್ಟ್ರಾನಿಕ್ಸ್, ಮನೆ ಬಳಕೆ ಸಾಮಾನು, ವಾಹನ ಅಂತ ನಾಲ್ಕು ವಿಭಾಗ. ಒಳ್ಳೇದು. ಆದರೆ ರಿಪೇರಿ ಹಕ್ಕು ಅಂದರೆ ಸರ್ವೀಸ್ ಸೆಂಟರಿನ ಫೋನ್ ನಂಬರ್ ಕೊಡೋದಲ್ಲ ಅನ್ನೋದು ನನ್ನ ವಾದ. ಫೋನ್ ಎತ್ತಿದವನು "ಹೊಸದು ತಗೊಳ್ಳಿ" ಅಂತಾನೆ, ಮೇಲೆ ನೋಡಿದಿರಲ್ಲ. ಹಕ್ಕು ಅಂದರೆ ಪಿನ್ ಪಟ್ಟಿ. ಅದೇನು ಗುಟ್ಟಿನ ಅಲ್ಗಾರಿದಮ್ಮಾ? ನೂರೈವತ್ತು ರೂಪಾಯಿ ಮಲ್ಟಿಮೀಟರಿನಲ್ಲಿ ಅಳೆದರೆ ಗೊತ್ತಾಗೋದನ್ನು ಮುಚ್ಚಿಟ್ಟು ಯಾವ ಬೌದ್ಧಿಕ ಆಸ್ತಿ ಕಾಪಾಡ್ತಾರೋ ದೇವರಿಗೇ ಗೊತ್ತು.

ಮಾಡಬೇಕು ಅಂತ ಹೊರಟವರಿಗೆ ಒಂದು ಮಾತು. ನೆಟ್ಟಿನಲ್ಲಿ ಸಿಗೋ ಪಿನ್ ಚಿತ್ರ ವೈರಿನ ಕಡೆಯಿಂದ ನೋಡಿದ್ದೋ, ತೂತಿನ ಕಡೆಯಿಂದ ನೋಡಿದ್ದೋ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ಕನ್ನಡಿಯಲ್ಲಿ ನೋಡಿದ ಹಾಗೆ ಎಲ್ಲ ಉಲ್ಟಾ ಆಗಿಬಿಡುತ್ತೆ. ಬಣ್ಣವನ್ನು ನಂಬಬೇಡಿ, ಮಾಡ್ಯುಲರ್ ಕೇಬಲ್ಲುಗಳಲ್ಲಿ ಎಲ್ಲ ವೈರೂ ಕಪ್ಪೇ. ಪಿನ್ನು ಹಾಕಿ ಮುಗಿದಮೇಲೆ ಪ್ರತಿ ವೈರನ್ನೂ ಒಂದು ಸಲ ಹಿಂದಕ್ಕೆ ಎಳೆದು ನೋಡಿ, ಅಲುಗಬಾರದು. ಬೋರ್ಡಿಗೆ ಸಿಕ್ಕಿಸೋ ಮೊದಲು ಹಸಿರು ವೈರನ್ನು ಕಪ್ಪಿಗೆ ಮುಟ್ಟಿಸಿ ಎಸ್‌ಎಂಪಿಎಸ್ ಎಬ್ಬಿಸಿ, ಪ್ರತಿ ತೂತನ್ನೂ ಅಳೆಯಿರಿ. ತೀರಾ ಅಗ್ಗದ ಎಸ್‌ಎಂಪಿಎಸ್ಸಾದರೆ 5 ವೋಲ್ಟಿನ ಮೇಲೆ ಭಾರವೇ ಇಲ್ಲದಾಗ 12 ವೋಲ್ಟ್ ಕುಗ್ಗುತ್ತೆ, ಅದನ್ನೂ ಮಿಷಿನ್ ಓಡ್ತಿರುವಾಗ ಒಮ್ಮೆ ನೋಡಿಕೊಳ್ಳಿ. 14 ಪಿನ್ನಿನ ಪಟ್ಟಿ ಮಾವನ ಕೈಬರಹದಲ್ಲಿ ನನ್ನ ಹತ್ರ ಇದೆ, ಬೇಕಾದವರು ಬೋರ್ಡಿನ ಮಾಡೆಲ್ ನಂಬರ್ ಬರೆದು ಕೇಳಿ, ಕಳಿಸ್ತೀನಿ. ನಿಮ್ಮದೂ ಅದೇ ಅಂತ ನಂಬಿ ಹಾಕಬೇಡಿ ಮಾತ್ರ, ಅಳೆದು ಹಾಕಿ.